ಡೊಮೇನ್ ಸರ್ವರ್ ಸಿಗದಾಗ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಲಾಗಿನ್ ಆಗುತ್ತಿಲ್ಲ: ಉಬುಂಟು 22.04, ಎಸ್‌ಎಸ್‌ಎಸ್‌ಡಿ

ಪ್ರಶ್ನೆ: ಶಾಖೆ_ಲಿನಕ್ಸ್

ನಮಸ್ಕಾರ. ಒಂದು ಶಾಖಾ ಕಚೇರಿಯ ಉಬುಂಟು 22.04 ಲ್ಯಾಪ್‌ಟಾಪ್‌ಗಳನ್ನೆಲ್ಲ ರಿಯಲ್ಮ್ ಜಾಯಿನ್ ಮೂಲಕ ಆಕ್ಟಿವ್ ಡೈರೆಕ್ಟರಿಗೆ (ಬಳಕೆದಾರರ ಖಾತೆಗಳನ್ನು ಒಂದೆಡೆ ಇಡುವ ವ್ಯವಸ್ಥೆ) ಸೇರಿಸಿದೆ. ಅದರ ಸರ್ವರ್‌ಗಳಾದ ಡೊಮೇನ್ ಕಂಟ್ರೋಲರ್‌ಗಳೆರಡೂ ಮುಖ್ಯ ಕಚೇರಿಯಲ್ಲಿವೆ, ನಡುವೆ ಇರುವುದು ಒಂದೇ ಲೀಸ್ಡ್ ಲೈನ್. ಲೈನ್ ಬಿದ್ದಾಗ ಕೆಲವರು ಎಂದಿನಂತೆ ಒಳಗೆ ಹೋಗುತ್ತಾರೆ, ಕೆಲವರು ಲಾಗಿನ್ ಪರದೆಯಲ್ಲೇ ನಿಲ್ಲುತ್ತಾರೆ. ಡೊಮೇನ್ ಖಾತೆಗಳಿಂದ ಲಾಗಿನ್ ಮಾಡಿಸುವ ಸೇವೆ ಎಸ್‌ಎಸ್‌ಎಸ್‌ಡಿ; ಅದರ ಸಂರಚನೆ ಎಸ್‌ಎಸ್‌ಎಸ್‌ಡಿ.ಕಾನ್ಫ್ ಎಲ್ಲ ಯಂತ್ರಗಳಲ್ಲೂ ಒಂದೇ:

[ಡೊಮೇನ್/ಕಚೇರಿ.ಲ್ಯಾನ್]
ಐಡಿ_ಪ್ರೊವೈಡರ್ = ಎಡಿ
ಕ್ಯಾಶ್_ಕ್ರೆಡೆನ್ಷಿಯಲ್ಸ್ = ಟ್ರೂ
ಕೆಆರ್‌ಬಿ5_ಸ್ಟೋರ್_ಪಾಸ್‌ವರ್ಡ್_ಇಫ್_ಆಫ್‌ಲೈನ್ = ಟ್ರೂ

ಆಥ್.ಲಾಗ್ ಎಲ್ಲ ಕಡೆ ಒಂದೇ ರೀತಿ ಇಲ್ಲ. ಹೊಸದಾಗಿ ಕೊಟ್ಟ ಯಂತ್ರಗಳಲ್ಲಿ ಪ್ಯಾಮ್_ಎಸ್‌ಎಸ್‌ಎಸ್ (ಲಿನಕ್ಸ್‌ನ ಲಾಗಿನ್ ಪರಿಶೀಲನಾ ವ್ಯವಸ್ಥೆಯಾದ ಪ್ಯಾಮ್‌ನಲ್ಲಿ ಎಸ್‌ಎಸ್‌ಎಸ್‌ಡಿಯ ಭಾಗ) ಸಾಲಿನ ಕೊನೆಗೆ "6 (ಪರ್ಮಿಷನ್ ಡಿನೈಡ್)" ಎಂದಿದೆ. ಹಳೆಯ ಒಂದೆರಡರಲ್ಲಿ "7 (ಆಥೆಂಟಿಕೇಷನ್ ಫೇಲ್ಯೂರ್)". ಇನ್ನು ಕೆಲವರಿಗೆ ಲಾಗಿನ್ ಆಗುತ್ತದೆ, ಆದರೆ ಪಾಸ್‌ವರ್ಡ್ ಕೊಟ್ಟ ಮೇಲೆ ಬಹಳ ಹೊತ್ತು ಕಾಯಬೇಕು. ಇದಲ್ಲದೆ ಲೈನ್ ಮರಳಿ ಬಂದ ಮೇಲೂ ಎಸ್‌ಎಸ್‌ಎಸ್‌ಸಿಟಿಎಲ್ ಡೊಮೇನ್-ಸ್ಟೇಟಸ್ ಕೊಟ್ಟರೆ "ಆಫ್‌ಲೈನ್" ಎಂದೇ ತೋರಿಸುತ್ತದೆ.

ಇದು ಒಂದೇ ದೋಷವೋ, ಬೇರೆ ಬೇರೆಯೋ? /ವಾರ್/ಲಿಬ್/ಎಸ್‌ಎಸ್‌ಎಸ್/ಡಿಬಿ ಒಳಗಿನ ಕಡತಗಳನ್ನೆಲ್ಲ ಅಳಿಸಿ ಸೇವೆಯನ್ನು ಮತ್ತೆ ಶುರು ಮಾಡಿ ಎಂಬ ಸಲಹೆ ಹಲವೆಡೆ ಕಾಣುತ್ತದೆ. ಮಾಡಬಹುದೇ?

ಉತ್ತರ: ಬೇರುಮಟ್ಟ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ದಯವಿಟ್ಟು ಅಳಿಸಬೇಡಿ. ಸರ್ವರ್ ಸಿಗದ ಹೊತ್ತಿನಲ್ಲಿ ಆ ಯಂತ್ರಕ್ಕೆ ನಿಮ್ಮ ಬಳಕೆದಾರ ಯಾರು, ಅವರ ಗುಂಪುಗಳು ಯಾವುವು, ಪಾಸ್‌ವರ್ಡ್ ಸರಿಯೇ ಎಂದು ಹೇಳಬಲ್ಲದ್ದು ಅಲ್ಲಿರುವ ಕ್ಯಾಶ್ ಕಡತ ಒಂದೇ. ಕ್ಯಾಶ್_ಕಚೇರಿ.ಲ್ಯಾನ್.ಎಲ್‌ಡಿಬಿ ಹೋದರೆ ಈಗ ಲಾಗಿನ್ ಆಗುತ್ತಿರುವವರೂ ಹೊರಗುಳಿಯುತ್ತಾರೆ, ಲೈನ್ ಬರುವ ತನಕ ಅದಕ್ಕೆ ಮದ್ದಿಲ್ಲ. ಎಸ್‌ಎಸ್‌ಎಸ್‌ಸಿಟಿಎಲ್ ಕ್ಯಾಶ್-ರಿಮೂವ್ ಮಾಡುವುದೂ ಇದನ್ನೇ. ಎಸ್‌ಎಸ್‌ಎಸ್_ಕ್ಯಾಶ್ -ಇ ಬೇರೆ: ಅದು ನಮೂದುಗಳ ಅವಧಿ ಮುಗಿದಿದೆ ಎಂದು ಗುರುತು ಹಾಕುತ್ತದೆ, ಅಳಿಸುವುದಿಲ್ಲ. ಸೇವೆಯನ್ನು ಬರೀ ರೀಸ್ಟಾರ್ಟ್ ಮಾಡಿದರೂ ಕ್ಯಾಶ್‌ಗೆ ಏನೂ ಆಗುವುದಿಲ್ಲ.

ನೀವು ಹೇಳಿದ್ದರಲ್ಲಿ ಒಂದಕ್ಕಿಂತ ಹೆಚ್ಚು ದೋಷಗಳಿವೆ. ಲಾಗಿನ್ ಆಗದವರನ್ನು ಬೇರ್ಪಡಿಸಲು ಪ್ಯಾಮ್_ಎಸ್‌ಎಸ್‌ಎಸ್ ಸಾಲಿನ ಕೊನೆಯ ಅಂಕಿಯೇ ಸಾಕು.

9 ಬಂದರೆ ಸರ್ವರ್ ಸಿಕ್ಕಿಲ್ಲ, ಕ್ಯಾಶ್ ನೋಡುವ ಅನುಮತಿಯೂ ಇಲ್ಲ. ಅಂದರೆ ಕ್ಯಾಶ್_ಕ್ರೆಡೆನ್ಷಿಯಲ್ಸ್ ಹಾಕಿಲ್ಲ, ಅಥವಾ ತಪ್ಪು ವಿಭಾಗದಲ್ಲಿ ಹಾಕಿದ್ದಾರೆ. ಅದರ ಮೂಲ ಬೆಲೆ ಫಾಲ್ಸ್. ಅದು [ಡೊಮೇನ್/...] ವಿಭಾಗದಲ್ಲೇ ಇರಬೇಕು; [ಪ್ಯಾಮ್] ಅಥವಾ [ಎಸ್‌ಎಸ್‌ಎಸ್‌ಡಿ] ಕೆಳಗೆ ಬರೆದರೆ ಕೆಲಸ ಮಾಡದು. ನಿಮ್ಮಲ್ಲಿ ಇದು ಸರಿಯಿದೆ.

6 ಬಂದರೆ ಕ್ಯಾಶ್ ನೋಡಿದೆ, ಆದರೆ ಅಲ್ಲಿ ಆ ಬಳಕೆದಾರರ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡ್ ಹೊಂದುತ್ತದೆಯೇ ಎಂದು ನೋಡಲು ಇಡುವ, ನೇರವಾಗಿ ಓದಲಾಗದ ರೂಪ) ಇಲ್ಲ, ಇಲ್ಲವೇ ಅದರ ಅವಧಿ ಮುಗಿದಿದೆ, ಇಲ್ಲವೇ ತಪ್ಪು ಪ್ರಯತ್ನಗಳು ಹೆಚ್ಚಾಗಿ ತಡೆ ಬಿದ್ದಿದೆ. ಕೊನೆಯ ಎರಡೂ [ಪ್ಯಾಮ್] ವಿಭಾಗದ ಆಫ್‌ಲೈನ್_ಕ್ರೆಡೆನ್ಷಿಯಲ್ಸ್_ಎಕ್ಸ್‌ಪಿರೇಷನ್ ಮತ್ತು ಆಫ್‌ಲೈನ್_ಫೇಲ್ಡ್_ಲಾಗಿನ್_ಅಟೆಂಪ್ಟ್ಸ್‌ನಿಂದ ಬರುತ್ತವೆ. ಎರಡರ ಮೂಲ ಬೆಲೆಯೂ 0, ಅಂದರೆ ಮಿತಿಯಿಲ್ಲ. ನೀವು ಅವನ್ನು ಹಾಕಿಲ್ಲದಿದ್ದರೆ ಉಳಿಯುವುದು ಒಂದೇ ಕಾರಣ: ಹ್ಯಾಶ್ ಅಲ್ಲಿಗೆ ಬಂದೇ ಇಲ್ಲ.

ಸಂರಚನೆಯಲ್ಲಿ ಟ್ರೂ ಎಂದು ಬರೆದ ಕೂಡಲೇ ಪಾಸ್‌ವರ್ಡ್ ಕ್ಯಾಶ್‌ಗೆ ಬಂದು ಕೂರುವುದಿಲ್ಲ. ಆ ವ್ಯಕ್ತಿ, ಅದೇ ಯಂತ್ರದಲ್ಲಿ, ಸರ್ವರ್ ಸಿಗುತ್ತಿರುವಾಗ, ಪಾಸ್‌ವರ್ಡ್ ಟೈಪ್ ಮಾಡಿ, ಪ್ಯಾಮ್_ಎಸ್‌ಎಸ್‌ಎಸ್ ಮೂಲಕ ಯಶಸ್ವಿಯಾಗಿ ಒಳಗೆ ಬಂದಾಗ ಮಾತ್ರ ಹ್ಯಾಶ್ ಬರೆಯಲ್ಪಡುತ್ತದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಇಲ್ಲ. ಸಾಮಾನ್ಯವಾಗಿ ತಪ್ಪುವುದು ಹೀಗೆ:

ಎಸ್‌ಎಸ್‌ಎಚ್ ಕೀ ಬಳಸಿ ಒಳಗೆ ಹೋದರೆ ಪ್ಯಾಮ್‌ನ ಆಥ್ ಹಂತವೇ ನಡೆಯುವುದಿಲ್ಲ. ವರ್ಷಗಟ್ಟಲೆ ಹಾಗೆ ಬಳಸಿದರೂ ಹ್ಯಾಶ್ ಬರುವುದಿಲ್ಲ. ರೂಟ್ ಆಗಿದ್ದು ಎಸ್‌ಯು - ಬಳಕೆದಾರ ಎಂದರೆ ಪಾಸ್‌ವರ್ಡ್ ಕೇಳುವುದಿಲ್ಲ, ಆದ್ದರಿಂದ ಅದೂ ಲೆಕ್ಕಕ್ಕಿಲ್ಲ. ಐಡಿ ಆಜ್ಞೆ ಕೊಟ್ಟು ಹೆಸರು, ಗುಂಪುಗಳೆಲ್ಲ ಬಂದವು ಎಂದು ಸಮಾಧಾನಪಟ್ಟರೆ, ಅದು ಗುರುತಿನ ಕ್ಯಾಶ್ ಮಾತ್ರ, ಪಾಸ್‌ವರ್ಡಿನದಲ್ಲ. ಹೊಸ ಯಂತ್ರಗಳನ್ನು ಸಿದ್ಧಪಡಿಸುವವರು ಐಡಿ ಕೊಟ್ಟು ನೋಡಿ ಪೆಟ್ಟಿಗೆಗೆ ಹಾಕಿ ಕಳಿಸುತ್ತಾರೆ. ನಿಮ್ಮ 6 ಬರುತ್ತಿರುವುದು ಹೊಸ ಯಂತ್ರಗಳಲ್ಲೇ ಎಂದಿರಿ, ಆದ್ದರಿಂದ ಮೊದಲು ಇದನ್ನೇ ನೋಡಿ.

ಎಲ್‌ಡಿಬಿ-ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು:

ಸುಡೊ ಎಲ್‌ಡಿಬಿಸರ್ಚ್ -ಎಚ್ /ವಾರ್/ಲಿಬ್/ಎಸ್‌ಎಸ್‌ಎಸ್/ಡಿಬಿ/ಕ್ಯಾಶ್_ಕಚೇರಿ.ಲ್ಯಾನ್.ಎಲ್‌ಡಿಬಿ '(ನೇಮ್=ಬಳಕೆದಾರ@ಕಚೇರಿ.ಲ್ಯಾನ್)' ಕ್ಯಾಶ್ಡ್‌ಪಾಸ್‌ವರ್ಡ್ ಲಾಸ್ಟ್‌ಆನ್‌ಲೈನ್‌ಆಥ್ ಫೇಲ್ಡ್‌ಲಾಗಿನ್‌ಅಟೆಂಪ್ಟ್ಸ್

-ಎಚ್ ದೊಡ್ಡ ಅಕ್ಷರ. ಹೆಸರಿನ ಜೊತೆ @ಡೊಮೇನ್ ಇರಲೇಬೇಕು. ಬರೀ ಹೆಸರು ಕೊಟ್ಟರೆ ಸೊನ್ನೆ ದಾಖಲೆ ಬರುತ್ತದೆ, ಕ್ಯಾಶ್ ಖಾಲಿ ಎಂದು ಮೋಸಹೋಗುತ್ತೀರಿ. ಕ್ಯಾಶ್ಡ್‌ಪಾಸ್‌ವರ್ಡ್ ಸಾಲು ಬರದಿದ್ದರೆ ಉತ್ತರ ಸಿಕ್ಕಂತೆ. ಬಂದರೆ ಅದನ್ನು ಇಲ್ಲಿ ಅಂಟಿಸಬೇಡಿ: ಅದು ಉಪ್ಪು (ಯಾದೃಚ್ಛಿಕ ಅಕ್ಷರಗಳು) ಬೆರೆಸಿದ ಎಸ್‌ಎಚ್‌ಎ-512 ಹ್ಯಾಶ್, ದುರ್ಬಲ ಪಾಸ್‌ವರ್ಡ್ ಆಗಿದ್ದರೆ ಊಹಿಸಿ ಒಡೆಯಬಹುದು.

ಉತ್ತರ: ಟರ್ಮಿನಲ್‌ಕಟ್ಟೆ

6 ಕುರಿತು ಬೇರುಮಟ್ಟ ಅವರು ಹೇಳಿದ್ದಾರೆ. ಉಳಿದ ಮೂರಕ್ಕೆ ನಾನು ಬರೆಯುತ್ತೇನೆ.

7 ಎಂದರೆ ಹ್ಯಾಶ್ ಇದೆ, ಟೈಪ್ ಮಾಡಿದ ಪಾಸ್‌ವರ್ಡ್ ಅದಕ್ಕೆ ಹೊಂದಿಲ್ಲ. ಬಹುತೇಕ ಸಲ ಬಳಕೆದಾರರು ಪಾಸ್‌ವರ್ಡ್ ಬದಲಿಸಿರುವುದು ಬೇರೆ ಕಡೆ: ವಿಂಡೋಸ್ ಯಂತ್ರದಲ್ಲೋ, ವೆಬ್ ಪೋರ್ಟಲ್‌ನಲ್ಲೋ, ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿಯೋ. ಈ ಲ್ಯಾಪ್‌ಟಾಪ್‌ಗೆ ಆ ಸುದ್ದಿ ತಲುಪಿಲ್ಲ. ಆಫ್‌ಲೈನ್‌ನಲ್ಲಿ ಹಳೆಯ ಪಾಸ್‌ವರ್ಡ್ ಕೊಡಲು ಹೇಳಿ, ಒಳಗೆ ಹೋಗುತ್ತದೆ. ಲೈನ್ ಬಂದ ಮೇಲೆ ಪರದೆ ಲಾಕ್ ಮಾಡಿ ಹೊಸ ಪಾಸ್‌ವರ್ಡ್‌ನಿಂದ ತೆರೆದರೆ ಹ್ಯಾಶ್ ಹೊಸದಾಗುತ್ತದೆ. ಸರ್ವರ್ ಸಿಗುತ್ತಿರುವಾಗ ಇದೇ ಯಂತ್ರದಲ್ಲಿ ಪಾಸ್‌ಡಬ್ಲ್ಯುಡಿ ಆಜ್ಞೆಯಿಂದ ಬದಲಿಸಿದರೆ ಈ ತೊಂದರೆಯೇ ಇಲ್ಲ, ಕ್ಯಾಶ್ ಕೂಡ ಜೊತೆಗೇ ಬದಲಾಗುತ್ತದೆ.

ಲಾಗ್ ಓದುವಾಗ ಸಾಲಿನಲ್ಲಿ "ಆಥ್" ಎಂದಿದೆಯೋ "ಅಕೌಂಟ್" ಎಂದಿದೆಯೋ ನೋಡಿ. ಆಥ್ ಯಶಸ್ವಿಯಾಗಿ ಅಕೌಂಟ್ ಸಾಲಿನಲ್ಲಿ ನಿರಾಕರಣೆ ಬಂದಿದ್ದರೆ ಅದು ಪಾಸ್‌ವರ್ಡಿನ ವಿಷಯವಲ್ಲ, ಪ್ರವೇಶ ನಿಯಮದ್ದು. ಎಲ್‌ಡಿಎಪಿ (ಡೈರೆಕ್ಟರಿಯನ್ನು ಓದುವ ವಿಧಾನ) ಆಕ್ಸೆಸ್ ಫಿಲ್ಟರ್ ಬಳಸುತ್ತಿದ್ದರೆ ಆಫ್‌ಲೈನ್‌ನಲ್ಲಿ ಹಿಂದಿನ ಆನ್‌ಲೈನ್ ಲಾಗಿನ್‌ಗೆ ಸಿಕ್ಕ ತೀರ್ಪೇ ಮುಂದುವರಿಯುತ್ತದೆ. ಗ್ರೂಪ್ ಪಾಲಿಸಿ ಆದರೆ /ವಾರ್/ಲಿಬ್/ಎಸ್‌ಎಸ್‌ಎಸ್/ಜಿಪಿಒ_ಕ್ಯಾಶ್‌ನಲ್ಲಿ ಉಳಿದಿದ್ದು.

ಇನ್ನು ಬಹಳ ಹೊತ್ತು ಕಾಯುವುದು. ಲೈನ್ ಬಿದ್ದಾಗ ನಿಮ್ಮ ರೂಟರ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತಿದೆ. "ತಲುಪಲಾಗದು" ಎಂಬ ಉತ್ತರ ಬಂದಿದ್ದರೆ ಎಸ್‌ಎಸ್‌ಎಸ್‌ಡಿ ಕ್ಷಣದಲ್ಲಿ ಕ್ಯಾಶ್‌ಗೆ ಹೋಗುತ್ತಿತ್ತು. ಉತ್ತರವೇ ಇಲ್ಲದಿದ್ದರೆ ಡಿಎನ್‌ಎಸ್‌ಗೆ ಒಂದು ಗಡುವು, ಎಲ್‌ಡಿಎಪಿ ಸಂಪರ್ಕಕ್ಕೆ ಒಂದು, ಕೆರ್ಬೆರೋಸ್‌ಗೆ (ಟಿಕೆಟ್ ಕೊಟ್ಟು ಗುರುತು ಖಚಿತಪಡಿಸುವ ವ್ಯವಸ್ಥೆ) ಒಂದು, ಅದೂ ಪ್ರತಿ ಕಂಟ್ರೋಲರ್‌ಗೆ. ಎಲ್‌ಡಿಎಪಿ_ನೆಟ್‌ವರ್ಕ್_ಟೈಮೌಟ್ ಮತ್ತು ಕೆಆರ್‌ಬಿ5_ಆಥ್_ಟೈಮೌಟ್ ಎರಡೂ ಮೂಲತಃ 6 ಸೆಕೆಂಡ್. ಕೂಡಿಸುತ್ತಾ ಹೋದರೆ ಅರ್ಧ ನಿಮಿಷ ಸುಲಭವಾಗಿ ದಾಟುತ್ತದೆ. ಒಮ್ಮೆ ಆಫ್‌ಲೈನ್ ಎಂದು ತೀರ್ಮಾನಿಸಿದ ಮೇಲೆ ಅದು ಸರ್ವರ್ ಹುಡುಕಲು ಹೋಗುವುದಿಲ್ಲ, ಹಾಗಾಗಿ ಮೊದಲ ಲಾಗಿನ್ ನಿಧಾನ, ಬೆನ್ನಿಗೇ ಮಾಡಿದ ಎರಡನೆಯದು ಬೇಗ. ನಿಮ್ಮಲ್ಲೂ ಹಾಗೇ ಆಗುತ್ತಿದ್ದರೆ ಕಾರಣ ಇದೇ.

ಪರಿಹಾರವನ್ನು ಮೊದಲು ರೂಟರ್‌ನಲ್ಲಿ ಮಾಡಿ: ಲೈನ್ ಇಲ್ಲದಾಗ ಮುಖ್ಯ ಕಚೇರಿಯ ಜಾಲಕ್ಕೆ ಹೋಗುವ ಪ್ಯಾಕೆಟ್‌ಗೆ ಡ್ರಾಪ್ ಬದಲು ರಿಜೆಕ್ಟ್. ಎಸ್‌ಎಸ್‌ಎಸ್‌ಡಿ ಗಡುವುಗಳನ್ನು ಇಳಿಸುವುದು ಎರಡನೆಯ ದಾರಿ. ಇಳಿಸುವಾಗ ಈ ಕ್ರಮ ಕೆಡಬಾರದು: ಡಿಎನ್‌ಎಸ್_ರಿಸಾಲ್ವರ್_ಆಪ್_ಟೈಮೌಟ್‌ಗಿಂತ ಡಿಎನ್‌ಎಸ್_ರಿಸಾಲ್ವರ್_ಟೈಮೌಟ್ ದೊಡ್ಡದು, ಅದಕ್ಕಿಂತ ಎಲ್‌ಡಿಎಪಿ_ಆಪ್ಟ್_ಟೈಮೌಟ್ ದೊಡ್ಡದು. ಕ್ರಮ ಕೆಟ್ಟರೆ ಮೊದಲ ಸರ್ವರ್ ಸಿಗಲಿಲ್ಲವೆಂದು ಎರಡನೆಯದಕ್ಕೆ ಹೋಗುವ ಮುನ್ನವೇ ಒಟ್ಟು ಗಡುವು ಮುಗಿದು, ಬದುಕಿರುವ ಸರ್ವರ್ ಇದ್ದರೂ ಆಫ್‌ಲೈನ್ ಆಗುತ್ತದೆ. 2 ಸೆಕೆಂಡ್‌ಗಿಂತ ಕೆಳಗೆ ಇಳಿಸಲು ನಾನಂತೂ ಹೇಳುವುದಿಲ್ಲ. ಲೈನ್ ಇದ್ದೂ ದಟ್ಟಣೆಯಿಂದ ನಿಧಾನವಾದ ಹೊತ್ತಿನಲ್ಲಿ ಎಲ್ಲರೂ ಸುಮ್ಮನೆ ಆಫ್‌ಲೈನ್‌ಗೆ ಬೀಳುತ್ತಾರೆ.

ಲೈನ್ ಬಂದ ಮೇಲೂ ಆಫ್‌ಲೈನ್ ತೋರಿಸುವುದಕ್ಕೆ ನಿಮ್ಮ ಜಾಲದ ರಚನೆಯಲ್ಲೇ ಕಾರಣವಿದೆ. ಎಸ್‌ಎಸ್‌ಎಸ್‌ಡಿ ಮರುಪ್ರಯತ್ನಕ್ಕೆ ಮೊದಲು 60 ಸೆಕೆಂಡ್ ಕಾಯುತ್ತದೆ, ವಿಫಲವಾದಾಗಲೆಲ್ಲ ಆ ಅವಧಿಯನ್ನು ದುಪ್ಪಟ್ಟು ಮಾಡುತ್ತಾ 3600 ಸೆಕೆಂಡ್‌ವರೆಗೆ ಒಯ್ಯುತ್ತದೆ. ಪ್ರತಿ ಸಲ 30 ಸೆಕೆಂಡ್‌ವರೆಗಿನ ಒಂದು ಯಾದೃಚ್ಛಿಕ ವಿಳಂಬವನ್ನೂ ಸೇರಿಸುತ್ತದೆ. ಲ್ಯಾಪ್‌ಟಾಪಿನ ಕೇಬಲ್ ಕಿತ್ತು ಹಾಕಿದರೆ, ವೈಫೈ ಬದಲಾದರೆ, ರಿಸಾಲ್ವ್.ಕಾನ್ಫ್ ಬದಲಾದರೆ ಅದು ತಕ್ಷಣ ಮತ್ತೆ ಪ್ರಯತ್ನಿಸುತ್ತದೆ. ಆದರೆ ಶಾಖೆಯ ಲೀಸ್ಡ್ ಲೈನ್ ಬಿದ್ದು ಎದ್ದರೆ ಲ್ಯಾಪ್‌ಟಾಪಿನ ಇಂಟರ್‌ಫೇಸ್‌ಗೆ ಏನೂ ಗೊತ್ತಾಗುವುದಿಲ್ಲ. ಅದರ ವೈಫೈ ಎಲ್ಲ ಹೊತ್ತೂ ಸರಿಯೇ ಇತ್ತು. ಬೆಳಿಗ್ಗೆಯಿಂದ ಲೈನ್ ಇಲ್ಲದೆ ಮಧ್ಯಾಹ್ನ ಬಂದರೆ ಇನ್ನೊಂದು ಗಂಟೆ ಆಫ್‌ಲೈನ್‌ನಲ್ಲೇ ಉಳಿಯಬಹುದು.

ಕೂಡಲೇ ಆನ್‌ಲೈನ್ ಮಾಡಲು:

ಸುಡೊ ಪಿಕಿಲ್ -ಯುಎಸ್‌ಆರ್2 -ಎಕ್ಸ್ ಎಸ್‌ಎಸ್‌ಎಸ್‌ಡಿ

-ಎಕ್ಸ್ ಇದ್ದರೆ ಮುಖ್ಯ ಪ್ರಕ್ರಿಯೆಗೆ ಮಾತ್ರ ಸಂಕೇತ ಹೋಗುತ್ತದೆ. ಅದನ್ನು ಬಿಟ್ಟರೆ ಎಸ್‌ಎಸ್‌ಎಸ್‌ಡಿ ಎಂದು ಶುರುವಾಗುವ ಎಲ್ಲ ಮರಿಪ್ರಕ್ರಿಯೆಗಳಿಗೂ ಹೋಗುತ್ತದೆ. ಶಾಶ್ವತವಾಗಿ ಬೇಕೆಂದರೆ ಡೊಮೇನ್ ವಿಭಾಗದಲ್ಲಿ ಆಫ್‌ಲೈನ್_ಟೈಮೌಟ್_ಮ್ಯಾಕ್ಸ್ = 300 ಹಾಕಿ. 0 ಕೊಟ್ಟರೆ ದುಪ್ಪಟ್ಟಾಗುವುದೇ ನಿಲ್ಲುತ್ತದೆ.

ಶಾಖೆ_ಲಿನಕ್ಸ್

ಇಬ್ಬರಿಗೂ ಧನ್ಯವಾದ. 6 ಬರುತ್ತಿದ್ದ ಯಂತ್ರಗಳಲ್ಲಿ ಕ್ಯಾಶ್ಡ್‌ಪಾಸ್‌ವರ್ಡ್ ಸಾಲೇ ಇಲ್ಲ. 7 ಬಂದವರು ಪಾಸ್‌ವರ್ಡ್ ಬದಲಿಸಿರುವುದು ಪೋರ್ಟಲ್‌ನಲ್ಲೇ. ಯುಎಸ್‌ಆರ್2 ಸಂಕೇತ ಕೊಟ್ಟ ಕೂಡಲೇ ಎಲ್ಲವೂ ಆನ್‌ಲೈನ್ ಆದವು, ಒಂದನ್ನು ಬಿಟ್ಟು. ಆ ಲ್ಯಾಪ್‌ಟಾಪ್‌ನಿಂದ ಎರಡೂ ಕಂಟ್ರೋಲರ್‌ಗಳಿಗೆ ಪಿಂಗ್ ಹೋಗುತ್ತದೆ, 389 ಮತ್ತು 88 ಪೋರ್ಟ್ ತೆರೆದಿವೆ, ಆದರೂ ಸ್ಟೇಟಸ್ ಆಫ್‌ಲೈನ್. ಕ್ಯಾಶ್‌ನಿಂದ ಲಾಗಿನ್ ಆಗುತ್ತಿರುವುದರಿಂದ ಬಳಸುವವರಿಗೆ ಇದು ಗೊತ್ತೇ ಆಗಿಲ್ಲ.

ಇನ್ನೊಂದು ಪ್ರಶ್ನೆ: ಹ್ಯಾಶ್ ಇಲ್ಲದ ಯಂತ್ರಗಳಿಗೆ ಒಬ್ಬೊಬ್ಬರನ್ನೂ ಕೂರಿಸಿ ಲಾಗಿನ್ ಮಾಡಿಸುವುದೊಂದೇ ದಾರಿಯೇ?

ಉತ್ತರ: ಕೀಟ್ಯಾಬ್

ಆ ಒಂದು ಲ್ಯಾಪ್‌ಟಾಪ್ ಬಗ್ಗೆ. ಎಸ್‌ಎಸ್‌ಎಸ್‌ಡಿ ಆಫ್‌ಲೈನ್ ಎಂದರೆ ಜಾಲ ಇಲ್ಲ ಎಂದೇ ಅರ್ಥವಲ್ಲ. ಸರ್ವರ್ ತಲುಪಿಯೂ ಅದರ ಜೊತೆ ಮಾತಾಡಲು ಆಗದಿದ್ದರೆ ಅದು ಆಫ್‌ಲೈನ್‌ಗೇ ಹೋಗುತ್ತದೆ. ಕ್ಯಾಶ್ ಈ ದೋಷವನ್ನು ಮುಚ್ಚಿಡುತ್ತದೆ, ಆದ್ದರಿಂದ ಯಾರೋ ಪಾಸ್‌ವರ್ಡ್ ಬದಲಿಸಿದ ದಿನ ಮಾತ್ರ ಬೆಳಕಿಗೆ ಬರುತ್ತದೆ. ನೀವು ಈಗಲೇ ಕಂಡುಹಿಡಿದಿದ್ದು ಒಳ್ಳೆಯದಾಯಿತು.

ಆಕ್ಟಿವ್ ಡೈರೆಕ್ಟರಿ ಮಾತಾಡಬೇಕಾದರೆ ಯಂತ್ರ ತನ್ನದೇ ಖಾತೆಯಿಂದ, /ಇಟಿಸಿ/ಕೆಆರ್‌ಬಿ5.ಕೀಟ್ಯಾಬ್ (ಯಂತ್ರದ ಗುಟ್ಟು ಇರುವ ಕಡತ) ಬಳಸಿ, ಟಿಕೆಟ್ ಪಡೆಯಬೇಕು. ಅದನ್ನೇ ಕೈಯಾರೆ ಮಾಡಿ ನೋಡಿ: ಸುಡೊ ಕ್ಲಿಸ್ಟ್ -ಕೆ ಕೊಟ್ಟರೆ ಕೀಟ್ಯಾಬ್‌ನಲ್ಲಿರುವ ಹೆಸರುಗಳು ಬರುತ್ತವೆ, ಅದರಲ್ಲಿ ಡಾಲರ್ ಚಿಹ್ನೆಯಿಂದ ಮುಗಿಯುವುದು ಯಂತ್ರದ ಖಾತೆ. ಬಳಿಕ ಸುಡೊ ಕಿನಿಟ್ -ಕೆ 'ಯಂತ್ರದಹೆಸರು$@ಕಚೇರಿ.ಲ್ಯಾನ್'. ಒಂಟಿ ಉದ್ಧರಣ ಚಿಹ್ನೆ ಬೇಕು, ಇಲ್ಲದಿದ್ದರೆ ಶೆಲ್ ಡಾಲರನ್ನು ತನ್ನದೆಂದುಕೊಳ್ಳುತ್ತದೆ. ರಿಯಲ್ಮ್ ಭಾಗ, ಅಂದರೆ @ ನಂತರದ್ದು, ದೊಡ್ಡ ಅಕ್ಷರಗಳಲ್ಲಿ.

"ಪ್ರೀಆಥೆಂಟಿಕೇಷನ್ ಫೇಲ್ಡ್" ಬಂದರೆ ಕೀಟ್ಯಾಬ್‌ನ ಗುಟ್ಟು ಡೈರೆಕ್ಟರಿಯಲ್ಲಿರುವುದಕ್ಕೆ ಹೊಂದುತ್ತಿಲ್ಲ. ಯಂತ್ರದ ಪಾಸ್‌ವರ್ಡ್ 30 ದಿನಕ್ಕೊಮ್ಮೆ ಬದಲಾಗುವುದು ಮೂಲ ವ್ಯವಸ್ಥೆ, ಬದಲಿಸುವುದು ಆಡ್‌ಸಿಎಲ್‌ಐ. ಹಳೆಯ ಡಿಸ್ಕ್ ಇಮೇಜ್‌ನಿಂದ ಯಂತ್ರವನ್ನು ಮರಳಿ ತಂದರೆ, ಅಥವಾ ಅದೇ ಹೆಸರಿನಲ್ಲಿ ಇನ್ನೊಂದು ಯಂತ್ರವನ್ನು ಡೊಮೇನ್‌ಗೆ ಸೇರಿಸಿದರೆ ಹೀಗಾಗುತ್ತದೆ. "ನಾಟ್ ಫೌಂಡ್ ಇನ್ ಕೆರ್ಬೆರೋಸ್ ಡೇಟಾಬೇಸ್" ಬಂದರೆ ಯಾರೋ ಬಳಕೆಯಲ್ಲಿಲ್ಲದ ಕಂಪ್ಯೂಟರ್ ಖಾತೆಗಳನ್ನು ಅಳಿಸುವಾಗ ಇದನ್ನೂ ಅಳಿಸಿದ್ದಾರೆ. ಎರಡಕ್ಕೂ ಮದ್ದು ಡೊಮೇನ್‌ಗೆ ಮತ್ತೆ ಸೇರಿಸುವುದು. "ಕ್ಲಾಕ್ ಸ್ಕ್ಯೂ" ಬಂದರೆ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ಹಿಂದೆ ಮುಂದೆ ಇದೆ, ಟೈಮ್‌ಡೇಟ್‌ಸಿಟಿಎಲ್ ನೋಡಿ.

ಒಂದು ಎಚ್ಚರಿಕೆ: ರಿಯಲ್ಮ್ ಲೀವ್ ಮಾಡಿ ಮತ್ತೆ ಜಾಯಿನ್ ಮಾಡಿದರೆ ಎಸ್‌ಎಸ್‌ಎಸ್‌ಡಿ.ಕಾನ್ಫ್‌ನಲ್ಲಿ ನೀವು ಕೈಯಾರೆ ಸೇರಿಸಿದ ಸಾಲುಗಳು ಹೋಗುತ್ತವೆ. ಮೊದಲೇ ಪ್ರತಿ ಇಟ್ಟುಕೊಳ್ಳಿ. ಕ್ಯಾಶ್ ಉಳಿದಿದೆ ಎಂದೂ ನಂಬಬೇಡಿ, ಸೇರಿಸಿದ ಮೇಲೆ ಬಳಕೆದಾರರಿಂದ ಒಮ್ಮೆ ಲಾಗಿನ್ ಮಾಡಿಸಿ.

ಉತ್ತರ: ಬೇರುಮಟ್ಟ

ಹ್ಯಾಶ್ ಇಲ್ಲದ ಯಂತ್ರಗಳಿಗೆ: ಹೌದು, ಬಳಕೆದಾರರೇ ತಮ್ಮ ಪಾಸ್‌ವರ್ಡ್ ಒಮ್ಮೆ ಟೈಪ್ ಮಾಡಲೇಬೇಕು. ಅವರ ಪಾಸ್‌ವರ್ಡ್ ಕೇಳಿ ಬರೆದುಕೊಂಡು ನೀವೇ ಟೈಪ್ ಮಾಡುವ ಅಭ್ಯಾಸ ಖಂಡಿತ ಬೇಡ. ಆದರೆ ಪೂರ್ತಿ ಡೆಸ್ಕ್‌ಟಾಪ್ ಲಾಗಿನ್ ಬೇಕಿಲ್ಲ. ಲೈನ್ ಇರುವಾಗ ಸ್ಥಳೀಯ ಖಾತೆಯಿಂದ, ರೂಟ್ ಆಗದೆ, ಎಸ್‌ಯು - ಬಳಕೆದಾರ@ಕಚೇರಿ.ಲ್ಯಾನ್ ಕೊಟ್ಟು ಲ್ಯಾಪ್‌ಟಾಪ್ ಅವರ ಕೈಗಿಟ್ಟರೆ ಸಾಕು. ಇಲ್ಲವೇ ಎಸ್‌ಎಸ್‌ಎಸ್‌ಸಿಟಿಎಲ್ ಯೂಸರ್-ಚೆಕ್ಸ್ ಬಳಕೆದಾರ -ಎ ಆಥ್ -ಎಸ್ ಲಾಗಿನ್. -ಎಸ್ ಬಿಡಬೇಡಿ, ಬಿಟ್ಟರೆ ಅದು ಸಿಸ್ಟಮ್-ಆಥ್ ಎಂಬ ಪ್ಯಾಮ್ ಸೇವೆಯನ್ನು ಹುಡುಕುತ್ತದೆ, ಅದು ರೆಡ್ ಹ್ಯಾಟ್ ಕಡೆಯದು, ಉಬುಂಟುವಿನಲ್ಲಿಲ್ಲ.

ಬಳಿಕ ಪರೀಕ್ಷೆ ಮಾಡದೆ ಬಿಡಬೇಡಿ. ಲೈನ್ ಕೀಳುವ ಅಗತ್ಯವಿಲ್ಲ: ಪಿಕಿಲ್ -ಯುಎಸ್‌ಆರ್1 -ಎಕ್ಸ್ ಎಸ್‌ಎಸ್‌ಎಸ್‌ಡಿ ಕೊಟ್ಟರೆ ಆಫ್‌ಲೈನ್_ಟೈಮೌಟ್ ಮುಗಿಯುವವರೆಗೆ, ಅಂದರೆ ಸುಮಾರು ಒಂದು ನಿಮಿಷ, ಅದು ಆಫ್‌ಲೈನ್‌ನಂತೆ ವರ್ತಿಸುತ್ತದೆ. ಅಷ್ಟರೊಳಗೆ ಇನ್ನೊಂದು ಕನ್ಸೋಲ್‌ನಲ್ಲಿ ಲಾಗಿನ್ ಮಾಡಿಸಿ. [ಪ್ಯಾಮ್] ಅಡಿಯಲ್ಲಿ ಪ್ಯಾಮ್_ವರ್ಬಾಸಿಟಿ = 2 ಇಟ್ಟರೆ ಕ್ಯಾಶ್‌ನಿಂದ ಒಳಬಂದಾಗ ಪರದೆಯ ಮೇಲೆ ಹಾಗೆಂದು ಸಂದೇಶ ಬರುತ್ತದೆ. ಮೂಲ ಬೆಲೆ 1, ಅದರಲ್ಲಿ ಹ್ಯಾಶ್‌ಗೆ ಅವಧಿ ಮಿತಿ ಇದ್ದರೆ ಮಾತ್ರ ಸಂದೇಶ ಕಾಣುತ್ತದೆ. ಆಫ್‌ಲೈನ್ ಲಾಗಿನ್‌ನ ಅರಿವು ಬಳಕೆದಾರರಿಗೆ ಇರಬೇಕು, ಹಾಗಾಗಿ ಇದನ್ನು 2 ಮಾಡಿಯೇ ಇಡುವುದು ಮೇಲು.

ಉತ್ತರ: ಬೀಗದಕೈ

ಮಿತಿ 0 ಇಟ್ಟು ಬಿಡುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಬಿಟ್ಟವರ ಖಾತೆಯನ್ನು ಡೈರೆಕ್ಟರಿಯಲ್ಲಿ ಮುಚ್ಚಿದರೂ, ಲ್ಯಾಪ್‌ಟಾಪ್ ಜಾಲಕ್ಕೆ ಸೇರದಿದ್ದರೆ ಹಳೆಯ ಪಾಸ್‌ವರ್ಡ್ ಕೊನೆಯಿಲ್ಲದೆ ನಡೆಯುತ್ತದೆ. ಲೀಸ್ಡ್ ಲೈನ್ ಒಂದೆರಡು ದಿನ ಬೀಳುವ ಕಚೇರಿಗೆ ಆಫ್‌ಲೈನ್_ಕ್ರೆಡೆನ್ಷಿಯಲ್ಸ್_ಎಕ್ಸ್‌ಪಿರೇಷನ್ = 14 ಧಾರಾಳ. ಆಫ್‌ಲೈನ್_ಫೇಲ್ಡ್_ಲಾಗಿನ್_ಅಟೆಂಪ್ಟ್ಸ್ = 5 ಇಡಿ; ಆಗ ಆಫ್‌ಲೈನ್_ಫೇಲ್ಡ್_ಲಾಗಿನ್_ಡಿಲೇ ಪ್ರಕಾರ, ಮೂಲತಃ 5 ನಿಮಿಷ, ತಡೆ ಬೀಳುತ್ತದೆ. ಅಕೌಂಟ್_ಕ್ಯಾಶ್_ಎಕ್ಸ್‌ಪಿರೇಷನ್ ಬಳಸುವುದಾದರೆ ಅದು ಈ 14ಕ್ಕೆ ಸಮ ಅಥವಾ ಹೆಚ್ಚಿರಬೇಕು. ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲೇಬೇಕು, ಇಲ್ಲದಿದ್ದರೆ ಡಿಸ್ಕ್ ಬಿಚ್ಚಿದವರಿಗೆ ಹ್ಯಾಶ್ ಸಿಗುತ್ತದೆ. ನಿಮ್ಮಲ್ಲಿರುವ ಕೆಆರ್‌ಬಿ5_ಸ್ಟೋರ್_ಪಾಸ್‌ವರ್ಡ್_ಇಫ್_ಆಫ್‌ಲೈನ್ ಪಾಸ್‌ವರ್ಡನ್ನು ಕರ್ನಲ್ ಕೀರಿಂಗ್‌ನಲ್ಲಿ (ಕರ್ನಲ್ ಗುಟ್ಟುಗಳನ್ನು ಇಡುವ ಜಾಗ) ಬಯಲಾಗಿಯೇ ಇಟ್ಟಿರುತ್ತದೆ, ಲೈನ್ ಬಂದಾಗ ಅದರಿಂದ ಟಿಕೆಟ್ ಪಡೆಯಲು. ಅನುಕೂಲವೇ, ಆದರೆ ರೂಟ್ ಅಧಿಕಾರ ಹಲವರಿಗಿರುವ ಯಂತ್ರದಲ್ಲಿ ಬೇಡ.

ಟರ್ಮಿನಲ್‌ಕಟ್ಟೆ

ಬೀಗದಕೈ ಹೇಳಿದ 14 ದಿನ ಹಾಕುವ ಮುನ್ನ ಒಂದು ಸಂಗತಿ ಪರೀಕ್ಷಿಸಿ, ಇಲ್ಲದಿದ್ದರೆ ದಿನವೂ ಕಚೇರಿಗೆ ಬರುವವರಿಗೇ ಹದಿನೈದನೆಯ ದಿನ 6 ಬರುತ್ತದೆ. ಎಣಿಕೆ ಶುರುವಾಗುವುದು ಕೊನೆಯ ಆನ್‌ಲೈನ್ ಪಾಸ್‌ವರ್ಡ್ ಪರಿಶೀಲನೆಯಿಂದ. ಗ್ನೋಮ್‌ನಲ್ಲಿ ವೈಫೈ ಪಾಸ್‌ವರ್ಡ್ ಬಳಕೆದಾರರ ಕೀರಿಂಗ್‌ನಲ್ಲಿ ಉಳಿದಿದ್ದರೆ ಲಾಗಿನ್ ಆದ ಮೇಲಷ್ಟೇ ವೈಫೈ ಏಳುತ್ತದೆ. ಅಂದರೆ ಅವರ ಪ್ರತಿ ಬೆಳಗಿನ ಲಾಗಿನ್ ಕೂಡ ಆಫ್‌ಲೈನ್ ಲಾಗಿನ್. ಮಧ್ಯೆ ಪರದೆ ಲಾಕ್ ಮಾಡಿ ತೆರೆಯದವರ ಲಾಸ್ಟ್‌ಆನ್‌ಲೈನ್‌ಆಥ್ ಮುಂದೆ ಸರಿಯುವುದೇ ಇಲ್ಲ. ಎಲ್‌ಡಿಬಿಸರ್ಚ್‌ನಲ್ಲಿ ಬರುವ ಆ ಅಂಕಿಯನ್ನು ಡೇಟ್ -ಡಿ @ಅಂಕಿ ಎಂದು ಕೊಟ್ಟರೆ ದಿನಾಂಕ ಕಾಣುತ್ತದೆ. ದಿನವೂ ಬಳಸುವ ಯಂತ್ರದಲ್ಲಿ ಅದು ವಾರಗಳಷ್ಟು ಹಳೆಯದಾಗಿದ್ದರೆ ಕಾರಣ ಇದೇ.

ಸರಿಪಡಿಸಲು ವೈಫೈ ಸಂಪರ್ಕವನ್ನು ಇಡೀ ಯಂತ್ರಕ್ಕೆ ಸೇರಿಸಬೇಕು:

ಸುಡೊ ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ "ಸಂಪರ್ಕದ ಹೆಸರು" ಕನೆಕ್ಷನ್.ಪರ್ಮಿಷನ್ಸ್ "" 802-11-ವೈರ್‌ಲೆಸ್-ಸೆಕ್ಯುರಿಟಿ.ಪಿಎಸ್‌ಕೆ-ಫ್ಲಾಗ್ಸ್ 0

ಇದರ ಬೆನ್ನಿಗೆ ಪಿಎಸ್‌ಕೆಯನ್ನೂ (ವೈಫೈ ಪಾಸ್‌ವರ್ಡ್) ಅದೇ ಆಜ್ಞೆಯ ರೂಪದಲ್ಲಿ ಮತ್ತೆ ಕೊಡಿ, ಏಕೆಂದರೆ ಕೀರಿಂಗ್‌ನಲ್ಲಿದ್ದದ್ದು ತಾನಾಗಿ ಇಲ್ಲಿಗೆ ಬರುವುದಿಲ್ಲ. ರೀಬೂಟ್ ಮಾಡಿ, ಲಾಗಿನ್ ಪರದೆಯಲ್ಲೇ ವೈಫೈ ಗುರುತು ಬಂದ ಮೇಲೆ ಪಾಸ್‌ವರ್ಡ್ ಕೊಟ್ಟು, ಲಾಸ್ಟ್‌ಆನ್‌ಲೈನ್‌ಆಥ್ ಇಂದಿನ ದಿನಾಂಕಕ್ಕೆ ಬಂತೇ ನೋಡಿ. ಆಮೇಲೆ 14 ಹಾಕಿ.